ಕೂರಿಗೆಗೆ ಕಟ್ಟಿದ ಸೀತಾಳೆ ದಂಡೆ

ನಮ್ಮ ಹಿಂದಿನ ಜಗಲಿಯ ಗೋಡೆಗೆ ಒಂದು ಮರದ ದಿಂಡು ತೂಗುಹಾಕಿದೆಯಲ್ಲ ಮಕ್ಕಳೇ, ಹೋದ ರಜೆಯಲ್ಲಿ ನೀವು ಅದರ ಫೋಟೋ ತೆಗೆದಿರಿ. ಅದರ ಮೇಲಿನ ಸೀತಾಳೆ ದಂಡೆಯನ್ನು ಆರ್ಕಿಡ್ ಅಂತಾರೆ, ಪೇಟೆಯಲ್ಲಿ ಹೀಗೇ ಮರಕ್ಕೆ ಕಟ್ಟಿ ಮಾರುತ್ತಾರೆ ಅಂದಿರಿ, ಈ ದಿಂಡು ಯಾತರದ್ದು ಅಂತ ಕೇಳಿದಿರಿ. ಗೋಡೆಯಾಚೆಯ ಚಿಕ್ಕಜ್ಜಿ ಯಾಕೆ ನನ್ನನ್ನು ಮಾತಾಡಿಸೋದಿಲ್ಲ ಅಂತಲೂ ಕೇಳಿದಿರಿ. ಎರಡಕ್ಕೂ ಉತ್ತರ ಒಂದೇ. ಬಾಯಿಬಿಟ್ಟು ಹೇಳಲು ನನ್ನಿಂದ ಆಗಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಅದು ಕೂರಿಗೆಯ ದಿಂಡು. ಹಿಂದೆ ಎತ್ತು ಹೂಡಿ ಅದರಲ್ಲೇ ಬೀಜ ಬಿತ್ತುತ್ತಿದ್ದರು. ಈಗ ಟ್ರ್ಯಾಕ್ಟರ್ ಬಂದು ಬಿತ್ತಿಹೋಗುತ್ತದೆ. ಕೂರಿಗೆಯ ಬಿದಿರಿನ ಕೊಳವೆಗಳನ್ನು ಗೆದ್ದಲು ತಿಂದು, ದಿಂಡು ಮಾತ್ರ ಕೊಟ್ಟಿಗೆಯಲ್ಲಿ ಉಳಿದಿತ್ತು. ಆದರೂ ವರ್ಷಕ್ಕೊಮ್ಮೆ ಬಿತ್ತುವ ದಿನ ಬೆಳಿಗ್ಗೆ ಅದನ್ನು ಅಂಗಳಕ್ಕೆ ತಂದು, ತೊಳೆದು, ವಿಭೂತಿ ಹಚ್ಚಿ ಪೂಜೆ ಮಾಡುವುದು ನಮ್ಮ ಮನೆಯ ಪದ್ಧತಿ. ನಾನು ಹಿರಿಸೊಸೆಯಾಗಿ ಬಂದಂದಿನಿಂದ ಆ ಪೂಜೆ ನನ್ನದಾಗಿತ್ತು.

ನಿಮ್ಮ ಅಜ್ಜ ತೀರಿಕೊಂಡ ವರ್ಷವೂ ರೂಢಿಯಂತೆ ಎದ್ದು ಕೂರಿಗೆ ತೊಳೆದು, ಪೂಜೆ ತಟ್ಟೆ ಹಿಡಿದು ಬಂದೆ. ಅಂಗಳದಲ್ಲಿ ಆಳುಗಳಿದ್ದರು, ತೊಗರ್ಸಿ ಊರಿನಿಂದ ಬಂದ ನೆಂಟರಿದ್ದರು. ನನ್ನ ಮೈದುನನ ಹೆಂಡತಿ, ಅಂದರೆ ನಿಮ್ಮ ಚಿಕ್ಕಜ್ಜಿ, ಬಂದು ತಟ್ಟೆ ತೆಗೆದುಕೊಂಡಳು. ಕಿತ್ತುಕೊಂಡಳು ಅಂದರೆ ಸುಳ್ಳಾಗುತ್ತದೆ. ಮೆಲ್ಲಗೇ ತೆಗೆದುಕೊಂಡಳು.

“ಹಿಂದೆ ಸರೀರಿ ಅಕ್ಕಾ. ಬೀಜ ಹುಟ್ಟಬೇಕಲ್ಲ.”

ನಾನು ಒಳಗೆ ಹೋಗಿ ಅಕ್ಕಿ ಆರಿಸುತ್ತಾ ಕೂತೆ. ಆಮೇಲೆ ಪ್ರತಿ ವರ್ಷ ಆ ಬೆಳಿಗ್ಗೆ ನನಗೆ ಒಳಗೇ ಏನಾದರೂ ಕೆಲಸ ಇರುತ್ತಿತ್ತು. ಮನೆ ಪಾಲಾಗಿ ನಡುವೆ ಗೋಡೆ ಎದ್ದರೂ ಅಂಗಳ, ಕೊಟ್ಟಿಗೆ ಇಬ್ಬರಿಗೂ ಸೇರಿಯೇ ಉಳಿದವು. ಪೂಜೆ ಅವಳ ಪಾಲಿಗೆ ಹೋಯಿತು.

ನನ್ನ ತವರು ಸೊರಬದ ಕಡೆ. ಅಲ್ಲಿ ಮುಂಗಾರಿನ ಮೊದಲಿಗೆ ಮಾವಿನ ಮರದಿಂದ ಸೀತಾಳೆ ದಂಡೆ ಇಳಿಬೀಳುತ್ತಿತ್ತು, ನಮ್ಮವ್ವ ಮುಡಿಯುತ್ತಿದ್ದಳು. ಕೆಲವು ವರ್ಷದ ಹಿಂದೆ ಆನವಟ್ಟಿಯಿಂದ ಬರುವಾಗ ರಸ್ತೆ ಅಗಲ ಮಾಡಲು ಮಾವಿನ ಮರ ಕಡಿದು ಕೆಡವಿದ್ದರು. ಬಸ್ಸು ನಿಂತಿತ್ತು. ಇಳಿದು ನೋಡಿದರೆ ಮುರಿದ ಕೊಂಬೆಯ ಮೇಲೆ ಅದೇ ಗಿಡ. ಬಿಡಿಸಿ ಸೆರಗಿನಲ್ಲಿ ಕಟ್ಟಿಕೊಂಡು ಬಂದೆ.

ಮೊದಲು ಸೌದೆಯಲ್ಲಿದ್ದ ಅಕೇಶಿಯಾ ತುಂಡಿಗೆ ಕಟ್ಟಿದೆ. ಎರಡು ಮಳೆಗೆ ತೊಗಟೆ ಸುಲಿದು ಗಿಡದ ಸಮೇತ ಕೆಳಗೆ ಬಿತ್ತು. ಚಿಕ್ಕಜ್ಜಿ ಅದನ್ನು ನೋಡಿದಳು. ನನಗೆ ಕೇಳಲಿ ಅಂತಲೇ ತನ್ನ ಸೊಸೆಗೆ ಹೇಳಿದಳು:

“ಮುಡಿಯೋ ಹಂಗಿಲ್ಲ ಏನಿಲ್ಲ, ಇವರಿಗೆ ಹೂವಿನ ಗಿಡ ಯಾಕಂತೆ?”

ಆ ಸಂಜೆಯೇ ಕೊಟ್ಟಿಗೆಗೆ ಹೋದೆ. ಬೇರೆ ಮರ ಇರಲಿಲ್ಲವೇ ಅಂತ ಕೇಳಬೇಡಿ. ಹಳೇ ಬಾಗಿಲ ಚೌಕಟ್ಟಿತ್ತು, ತೇಗದ ತುಂಡಿತ್ತು. ನಾನು ಕೂರಿಗೆ ದಿಂಡನ್ನೇ ಎತ್ತಿಕೊಂಡು ಬಂದೆ. ಬಿತ್ತನೆ ಆಗಷ್ಟೇ ಮುಗಿದಿತ್ತು. ಇನ್ನೊಂದು ವರ್ಷ ಅದನ್ನು ಯಾರೂ ಹುಡುಕುವುದಿಲ್ಲ, ಬೇರು ಹಿಡಿಯಲು ಒಂದು ಮಳೆಗಾಲ ಸಾಕು, ಇವೆರಡೂ ನನಗೆ ಗೊತ್ತಿದ್ದವು.

ದಿಂಡಿಗೆ ತೊಗಟೆ ಇಲ್ಲದ್ದರಿಂದ ಸುಲಿಯುವ ಭಯವಿರಲಿಲ್ಲ. ಮೈತುಂಬ ಬಿರುಕು ಬಿಟ್ಟಿತ್ತು. ಕೊಳೆತ ಬೇರುಗಳನ್ನು ಕತ್ತರಿಸಿದೆ. ತೆಂಗಿನ ನಾರನ್ನು ತೆಳ್ಳಗೆ ಹಾಸಿ, ಸುಳಿಯಲ್ಲಿ ನೀರು ನಿಲ್ಲದ ಹಾಗೆ ಗಿಡವನ್ನು ಓರೆಯಾಗಿ ಇಟ್ಟು, ಹಳೇ ಸೀರೆಯ ಅಂಚು ಹರಿದು ಬಿಗಿದೆ. ಬಿಗಿಯಾಗಿಯೇ ಕಟ್ಟಬೇಕು, ಅಲುಗಾಡಿದರೆ ಬೇರು ಹಿಡಿಯುವುದಿಲ್ಲ. ಮಣ್ಣು ಬೇಡ, ಗೊಬ್ಬರ ಬೇಡ, ಮಳೆಯಿಲ್ಲದ ದಿನ ಬೆಳಿಗ್ಗೆ ನೀರು ಚಿಮುಕಿಸಿದರೆ ಆಯಿತು. ಶ್ರಾವಣದಲ್ಲಿ ಹಸಿರು ತುದಿಯ ಹೊಸ ಬೇರುಗಳು ಬಂದು ಬಿರುಕುಗಳನ್ನು ಹುಡುಕಿಕೊಂಡು ಹೋದವು. ಬೇಸಿಗೆಯಲ್ಲಿ ಕಟ್ಟು ಬಿಚ್ಚಿದೆ. ಗಿಡ ಬೀಳಲಿಲ್ಲ. ಉಗುರು ಹಾಕಿ ಎಬ್ಬಿಸಿ ನೋಡಿದೆ, ಬೇರು ಮರ ಬಿಟ್ಟು ಏಳಲಿಲ್ಲ. ಅಂದು ಒಂದು ತುತ್ತು ಹೆಚ್ಚೇ ಉಂಡೆ.

ಬಿತ್ತುವ ದಿನ ಬಂತು. ಚಿಕ್ಕಜ್ಜಿ ಕೊಟ್ಟಿಗೆಯಲ್ಲೆಲ್ಲ ಹುಡುಕಿ, ಕೊನೆಗೆ ನನ್ನ ಜಗಲಿಗೆ ಬಂದಳು. ಹಿಂದೆ ಮೈದುನ. ಗೋಡೆಯ ಮೇಲೆ ದಿಂಡು, ದಿಂಡಿನಿಂದ ಮೊಳದುದ್ದ ಹೂವಿನ ದಂಡೆ. ಅವಳು ಗಿಡದತ್ತ ಕೈ ತೋರಿಸಿದಳು.

“ಇದನ್ನ ಕಿತ್ತು ದಿಂಡು ಕೊಡ್ರಿ ಅಕ್ಕಾ. ಟ್ರ್ಯಾಕ್ಟರ್ ಬಂದು ನಿಂತೈತಿ.”

“ಬೇರು ಹಿಡಿದಿದೆ,” ಅಂದೆ. “ನಾನು ಕೀಳಲ್ಲ. ನೀನೇ ಕೀಳು.”

ಅವಳು ಗಿಡದ ಬುಡಕ್ಕೇ ಕೈ ಹಾಕಿದಳು. ಎರಡು ಎಲೆ ಮುರಿದು ಅವಳ ಕೈಗೆ ಬಂದವು. ಅಷ್ಟರಲ್ಲಿ ಮೈದುನ, “ಬಿತ್ತೋ ದಿನ ಯಾರಾದ್ರೂ ಬೇರು ಕೀಳ್ತಾರೇನೇ? ಬಿಡು,” ಅಂದ.

ಅವನು ನನ್ನ ಪರ ವಹಿಸಿದ್ದಲ್ಲ. ಬೀಜಕ್ಕೆ ಹೆದರಿದ. ನನ್ನನ್ನು ಒಳಗೆ ಕಳಿಸಿದ್ದೂ ಅದೇ ಹೆದರಿಕೆ. ಅದು ಬೇರು ಕೀಳುವ ಹೊತ್ತಿಗೂ ಅವರಲ್ಲಿ ಇದ್ದೇ ಇರುತ್ತದೆ ಅಂತ ನಂಬಿಯೇ ನಾನು ವರ್ಷವಿಡೀ ನೀರು ಚಿಮುಕಿಸಿದ್ದೆ.

ಗಿಡ ಇದ್ದ ಹಾಗೇ ದಿಂಡಿಗೆ ಪೂಜೆ ಮಾಡು ಅಂತ ಮೈದುನ ಹೇಳಿದ. ನಾನು ಕಟ್ಟಿದ ಗಿಡಕ್ಕೆ ಕೈಮುಗಿಯಲು ಅವಳು ಒಪ್ಪಲಿಲ್ಲ. ಟ್ರ್ಯಾಕ್ಟರಿನ ಚಕ್ರಕ್ಕೇ ವಿಭೂತಿ ಹಚ್ಚಿ ನಿಂಬೆಹಣ್ಣು ಇಟ್ಟರು. ಆ ವರ್ಷ ಮೆಕ್ಕೆಜೋಳ ಚೆನ್ನಾಗಿಯೇ ಹುಟ್ಟಿತು. ನಾನು ಮುಟ್ಟಿದ ಕೂರಿಗೆ ಪೂಜೆಗೆ ಬಾರದಿದ್ದದ್ದೇ ಒಳ್ಳೆಯದಾಯಿತು ಅಂತ ಅವಳು ಊರೆಲ್ಲ ಹೇಳಿಕೊಂಡು ಬಂದಳು. ಅವತ್ತಿನಿಂದ ನಮಗೆ ಮಾತಿಲ್ಲ.

ಹೋದ ವರ್ಷ ಅವಳ ಮೊಮ್ಮಗಳ ನಿಶ್ಚಿತಾರ್ಥವಾಯಿತು. ಹುಡುಗಿಯ ಜಡೆಗೆ ಒಂದು ದಂಡೆ ಬೇಕು ಅಂತ ಸೊಸೆಯನ್ನು ಕಳಿಸಿದಳು. ನಾನು ಆ ಸೊಸೆಗೆ ಚಹಾ ಕೊಟ್ಟು ಕೂರಿಸಿದೆ. ಗೋಡೆಯಾಚೆ ಪಾತ್ರೆ ತಿಕ್ಕುವ ಸದ್ದು ನಿಂತಿತ್ತು.

“ನಿಮ್ಮತ್ತೆಗೆ ಬೇಕಾದ್ರೆ ಅವಳೇ ಬಂದು ಕೇಳಲಿ ಕಣವ್ವಾ,” ಅಂದೆ, ಆಚೆಗೂ ಕೇಳುವ ಹಾಗೆ.

ಅವಳು ಬರಲಿಲ್ಲ. ಹುಡುಗಿ ಮಲ್ಲಿಗೆ ಮುಡಿದಳು. ವಾರದಲ್ಲಿ ದಂಡೆ ಬಾಡಿತು, ಉದುರಿದ ಹೂವನ್ನು ಗುಡಿಸಿ ತಿಪ್ಪೆಗೆ ಹಾಕಿದೆ. ಆ ಹುಡುಗಿಯದೇನೂ ತಪ್ಪಿರಲಿಲ್ಲ. ಆದರೂ ಕೊಡಲಿಲ್ಲ.