ಅವಿರೋಧ ಆಯ್ಕೆ

ಮಲೇಷ್ಯಾದ ಸೈಬರ್‌ಜಯಾದಲ್ಲಿರುವ ನಮ್ಮ ಕಾಂಡೋ ಅಪಾರ್ಟ್‌ಮೆಂಟಿನ ಆಡಳಿತ ಸಮಿತಿಗೆ ಹೋದ ವರ್ಷ ಚುನಾವಣೆ ಬಂತು. ಅಧ್ಯಕ್ಷ ಸ್ಥಾನಕ್ಕೆ ನನ್ನ ಪಕ್ಕದ ಮನೆಯವರು ನಿಂತರು. ಕೀನ್ಯಾದವರು, ಇಲ್ಲಿನ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ, ಮನೆ ಸ್ವಂತದ್ದು. ಆದರೂ ಗೇಟಿನ ಗಾರ್ಡುಗಳು ಅವರನ್ನು ದಿನಾ ತಡೆದು ಗುರುತಿನ ಚೀಟಿ ಕೇಳುತ್ತಿದ್ದರು. ಕಪ್ಪು ಜನರನ್ನು ಮಾತ್ರ ಹೀಗೆ ಕೇಳುವುದು. ಅದು ನಿಲ್ಲಬೇಕು, ಅದಕ್ಕೇ ಸ್ಪರ್ಧಿಸುತ್ತಿದ್ದೇನೆ ಎಂದು ನಮ್ಮ ಮನೆಯಲ್ಲೇ ಕಾಫಿ ಕುಡಿಯುತ್ತಾ ಹೇಳಿದ್ದರು.

ಎದುರಾಳಿ ನಮ್ಮ ಕನ್ನಡದವರೇ, ಮಂಗಳೂರಿನ ಒಬ್ಬ ಹಿರಿಯರು. ಇಬ್ಬರು ನಿಂತರೆ ಮನಸ್ತಾಪವಾಗುತ್ತದೆಂದು ನಮ್ಮವರಿಗೆಲ್ಲ ದಿಗಿಲು. ನಾನು ಹುಟ್ಟಿದ ಊರಿನ ಹಾಲಿನ ಸೊಸೈಟಿಯಲ್ಲಿ ಓಟು ಬಿದ್ದದ್ದೇ ಕಮ್ಮಿ. ಹಿಂದಿನ ದಿನ ಒಬ್ಬರನ್ನು ಪುಸಲಾಯಿಸಿ ಹಿಂದೆ ಸರಿಸಿ, ‘ಅವಿರೋಧ ಆಯ್ಕೆ’ ಎಂದು ಇನ್ನೊಬ್ಬರಿಗೆ ಹಾರ ಹಾಕಿಬಿಡುವುದು. ಅದನ್ನೇ ದೊಡ್ಡಸ್ತಿಕೆ ಎಂದುಕೊಂಡು ಬೆಳೆದವಳು ನಾನು.

“ನೀವೇ ಪಕ್ಕದ ಮನೆಯವರಿಗೆ ಒಂದ್ಮಾತು ಹೇಳಿ ಮೇಡಂ, ನಿಮ್ ಮಾತು ಕೇಳ್ತಾರೆ,” ಎಂದರು ಹಿರಿಯರು. “ಅವರನ್ನು ಕಲ್ಚರಲ್ ಸೆಕ್ರೆಟರಿ ಮಾಡುವಾ. ಅವರಿಗೆ ಡ್ಯಾನ್ಸು ಗೀನ್ಸು ಎಲ್ಲ ಬರ್ತದಲ್ಲ?”

ಬರುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ, ನಾನು ಕೇಳಿದವಳೂ ಅಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡಿ ಒಪ್ಪಿಸಿ ಬಂದೆ. ಸಮಿತಿಯಲ್ಲಿದ್ದರೆ ಸಾಕು, ಗೇಟಿನ ವಿಷಯ ತಾನಾಗಿ ಸರಿಹೋಗುತ್ತದೆ ಎಂದೆ. ಅವರು ನನ್ನ ಮಾತು ನಂಬಿ ಹಿಂದೆ ಸರಿದರು.

ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಹೊಸ ಅಧ್ಯಕ್ಷರಿಗೆ ಹೂಗುಚ್ಛ ಕೊಡಲು ನನ್ನ ಪಕ್ಕದ ಮನೆಯವರನ್ನೇ ಕರೆದರು. ಫೋಟೋ ತೆಗೆದವಳು ನಾನು. ನಮ್ಮಲ್ಲಿ ಎಷ್ಟು ಒಗ್ಗಟ್ಟು ನೋಡಿ ಎಂದು ಯಾರೋ ಅದನ್ನು ವಾಟ್ಸಾಪ್ ಗ್ರೂಪಿಗೂ ಹಾಕಿದರು.

ಹೂವು ಕೊಟ್ಟು ಅವರು ಅಲ್ಲೇ ಮೈಕು ಕೇಳಿ ಪಡೆದು, ಗೇಟಿನ ತಪಾಸಣೆ ಯಾವಾಗ ನಿಲ್ಲುತ್ತದೆ ಎಂದು ಕೇಳಿದರು. “ನೋಡೋಣ ಲಾ, ಮೊದಲು ಫಂಕ್ಷನ್ ಪ್ಲಾನ್ ಮಾಡಿ,” ಎಂದು ಮಲೇಷ್ಯಾದವರ ಧಾಟಿಯಲ್ಲಿ ‘ಲಾ’ ಸೇರಿಸಿ ಹೇಳಿದ ಅಧ್ಯಕ್ಷರು ಈಜುಕೊಳದ ಟೈಲ್ಸಿನ ವಿಷಯಕ್ಕೆ ಹೋದರು. ಎಲ್ಲರೂ ನಕ್ಕರು. ನಾನು ಎದ್ದು ಒಂದು ಮಾತಾಡಬೇಕಿತ್ತು. ನಾಚಿಕೆಯಿಂದ ತಲೆ ತಗ್ಗಿಸಿ ಫೋನು ತೀಡುತ್ತಾ ಕೂತೆ.

ವಾಪಸು ಬರುವಾಗ ಲಿಫ್ಟಿನಲ್ಲಿ ಇಬ್ಬರೇ. “ನಿಧಾನಕ್ಕೆ ಆಗುತ್ತೆ ಬಿಡಿ,” ಎಂದು ಇಂಗ್ಲಿಷಿನಲ್ಲಿ ಸಮಾಧಾನ ಹೇಳಹೋದೆ.

“ನಿಧಾನ ಆದ್ರೆ ನಿಮಗೇನು ನಷ್ಟ?” ಎಂದರು ಅವರು. “ಗೇಟಲ್ಲಿ ನನ್ನನ್ನ ತಡೆಯೋದು ಗಾರ್ಡು. ಒಳಗೆ ತಡೆದದ್ದು ನೀವು.”