ಕೆನಡಾದ ಬಾತುಕೋಳಿಗೆ ಪೂಜಾರಿ ಯಾರು?

ಹೊಸಪೇಟೆಯ ನಮ್ಮ ಮನೆಯ ಮಹಡಿ ಕೋಣೆಯನ್ನು ಹಂಪಿ ನೋಡಲು ಬರುವವರಿಗೆ ಕೊಡುತ್ತೇನೆ. ಬಂದವರಿಗೆ ಬಿಸಿಲು ಬಡಿದೀತು, ಕೋತಿ ಕಚ್ಚೀತು, ಮಿರ್ಚಿ ಒಗ್ಗದೇ ಹೋದೀತು ಎಂದು ಚಿಂತಿಸುವುದು ನನ್ನ ಉಪಕಸುಬು.

ಹೋದ ಚಳಿಗಾಲದಲ್ಲಿ ಬಂದವರು ಕೆನಡಾದ ಒಂದು ಹಳ್ಳಿಗಾಡಿನ ಪುರಸಭೆಯ ಅಧ್ಯಕ್ಷರು. ಜನಸಂಖ್ಯೆ ನಮ್ಮ ಓಣಿಯಷ್ಟು. ಅವರ ಊರಿನ ಕರಪತ್ರದಲ್ಲಿ ಪ್ರೇಕ್ಷಣೀಯ ಸ್ಥಳಗಳು ಮೂರು: ಶನಿವಾರ ಮಾತ್ರ ತೆರೆಯುವ ವಸ್ತುಸಂಗ್ರಹಾಲಯ, ಮುಚ್ಚಿಹೋದ ರೈಲು ನಿಲ್ದಾಣ, ಹೆದ್ದಾರಿ ಪಕ್ಕದಲ್ಲಿ ಎರಡಾಳೆತ್ತರದ ಸಿಮೆಂಟಿನ ಬಾತುಕೋಳಿ. ಅದರ ಕುತ್ತಿಗೆ ಬಿರುಕು ಬಿಟ್ಟಿತ್ತಂತೆ. ರಿಪೇರಿಯೋ ಕೆಡವುವುದೋ ಎಂದು ಸದಸ್ಯರ ಮತ ಸಮಸಮವಾಗಿ ಒಡೆದು, ಕೊನೆಯ ಮತ ಇವರ ತಲೆಗೆ ಬಂದಿತ್ತು. ಅದರಿಂದ ತಪ್ಪಿಸಿಕೊಂಡೇ ಇಲ್ಲಿಗೆ ಬಂದವರು ಹಂಪಿ ಸುತ್ತಿ ಬಂದು ಮಂಕಾಗಿ ಕೂತರು. "ಇದನ್ನೆಲ್ಲ ನೋಡಿದ ಮೇಲೆ ನಮ್ಮದನ್ನು ಕೆಡವುವುದೇ ವಾಸಿ" ಎಂದರು.

ಹಂಪಿ ತೋರಿಸಿ ಒಂದು ಬಾತುಕೋಳಿಯ ಸಾವಿಗೆ ಕಾರಣನಾದೆನಲ್ಲ ಎಂದು ನನಗೆ ಅನ್ನ ಸೇರಲಿಲ್ಲ. ಮರುದಿನ ಅವರನ್ನು ಕಂಪ್ಲಿ ಕಡೆಯ ಹಳ್ಳಿಯಲ್ಲಿರುವ ಅಕ್ಕನ ಮನೆಗೆ ಕರೆದೊಯ್ದೆ. ಅಕ್ಕ ಪಂಚಾಯ್ತಿ ಮೆಂಬರು. ಆ ಊರಿನಲ್ಲಿ ನೋಡುವಂಥದ್ದು ಏನೂ ಇಲ್ಲ. ನನಗೆ ಬೇಕಾಗಿದ್ದೂ ಅದೇ.

ಅಂಗಳದಲ್ಲಿ ಜನ ಸೇರಿತು. ಅಕ್ಕ ಅಧ್ಯಕ್ಷರಿಗೆ ಶಾಲು ಹೊದಿಸಿದಳು. ಯಾರಾದರೂ ನಕ್ಕುಬಿಟ್ಟರೆ ಎಂದು ಹೆದರುತ್ತಲೇ ನಾನು ಬಾತುಕೋಳಿಯ ಫೋಟೊ ತೋರಿಸಿ ಕಥೆ ಹೇಳಿದೆ.

ಯಾರೂ ನಗಲಿಲ್ಲ. ರೈಸ್‌ಮಿಲ್ಲಿನಿಂದ ತೌಡು ಮೆತ್ತಿಕೊಂಡೇ ಬಂದಿದ್ದ ಭಾವ ಕೇಳಿದರು: "ಇದಕ್ಕ ಪೂಜಾ ಯಾರು ಮಾಡ್ತಾರ್ರಿ?"

ನಾಚಿಕೆಯಿಂದಲೇ ತರ್ಜುಮೆ ಮಾಡಿದೆ. ಅಧ್ಯಕ್ಷರು ಗಂಭೀರವಾಗಿ ಯೋಚಿಸಿ, ವರ್ಷಕ್ಕೊಮ್ಮೆ ಹಿಮ ಕರಗಿದ ಮೇಲೆ ತಾವೇ ಏಣಿ ಹತ್ತಿ ತೊಳೆದು ಬಣ್ಣ ಬಳಿಯುವುದಾಗಿ ಹೇಳಿದರು.

"ಹಂಗಾರ ಇವ್ರಽ ಪೂಜಾರಿ!" ಭಾವ ತೀರ್ಪು ಕೊಟ್ಟರು.

ಅಕ್ಕ ನನ್ನ ಕಡೆ ತಿರುಗಿದಳು. "ಲೇ ತಮ್ಮಾ, ಪೂಜಾರಿನಽ ಮೂರ್ತಿ ಕೆಡವ್ತಾನೇನು? ಕುತ್ತಿಗಿಗೆ ಸಿಮೆಂಟ್ ಮೆತ್ತಿಸ್ರಿ ಅಂತ ಹೇಳು. ಹಂಪ್ಯಾಗ ಎಷ್ಟೋ ಮೂರ್ತಿಗೆ ಕುತ್ತಿಗಿನ ಇಲ್ಲ, ಜನ ದುಡ್ಡು ಕೊಟ್ಟು ನೋಡಂಗಿಲ್ಲೇನು?"

ನನ್ನ ಇಂಗ್ಲಿಷಿನಲ್ಲಿ ಅದೆಷ್ಟು ದಾಟಿತೋ, ಅಧ್ಯಕ್ಷರು ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡರು.

ಮೊನ್ನೆ ಅವರಿಂದ ಫೋಟೊ ಬಂತು. ಬಾತುಕೋಳಿಯ ಕುತ್ತಿಗೆಗೆ ಹೊಸ ಸಿಮೆಂಟಿನ ಪಟ್ಟಿ, ಏಣಿಯ ಮೇಲೆ ಅದೇ ಶಾಲು ಹೊದ್ದು ಬಣ್ಣದ ಡಬ್ಬಿ ಹಿಡಿದ ಅಧ್ಯಕ್ಷರು. ಅಕ್ಕನಿಗೆ ಕಳಿಸಿದೆ. ಕೂಡಲೇ ಫೋನು.

"ಭಾಳ ಚಲೋ ಆತು. ದರ್ಶನಕ್ಕ ಯಾವಾಗ ಹೋಗೂದು? ಕಾಯಿ ಅಲ್ಲೇ ಸಿಗ್ತಾವೋ, ಇಲ್ಲಿಂದನ ಒಯ್ಯಬೇಕೋ?"

ವಿಮಾನದೊಳಗೆ ತೆಂಗಿನಕಾಯಿ ಬಿಡುವುದಿಲ್ಲವೆಂದು ಕೇಳಿದ್ದೇನೆ. ಅಕ್ಕನಿಗೆ ಅದನ್ನು ಹೇಳುವವರು ಯಾರು?