ಅಡಕ್ಕದ ಕತ್ತು

1936ರ ತೈ ತಿಂಗಳಲ್ಲಿ, ಸಂಕ್ರಾಂತಿ ಕಳೆದ ಮೇಲೆ, ಕೊಯಮತ್ತೂರು ಸೀಮೆಯ ನೆಗಮಂನ ನಮ್ಮ ಮನೆಯಲ್ಲಿ, ನೂಲಿಗೆ ಹಾಕಲು ಕುದಿಸಿದ್ದ ಗಂಜಿಯ ಹಂಡೆ ಮಗುಚಿ ಅಕ್ಕನ ಕತ್ತು ಮತ್ತು ಎದೆಯ ಮೇಲ್ಭಾಗ ಬೆಂದವು. ಗಾಯ ಮಾಯಿತು. ಮಾಯ್ದ ಜಾಗದಲ್ಲಿ ಹಗ್ಗದಂತೆ ದಪ್ಪಗೆ, ಕೆಂಪಗೆ ಕಲೆ ಉಬ್ಬಿ ಎದ್ದಿತು. ಅದು ಬರಬರುತ್ತ ಬಿಗಿದು ಗದ್ದವನ್ನು ಎದೆಯತ್ತ ಎಳೆಯತೊಡಗಿತು.

ಕೊಯಮತ್ತೂರಿನ ಆಸ್ಪತ್ರೆಯೊಂದರಲ್ಲಿ, ಇಂಥ ಕಲೆಗಳನ್ನು ನೀವಿ ಸಡಿಲಿಸುವುದನ್ನು ಕಲಿತ ನರ್ಸಮ್ಮ ಇದ್ದಳು. ಕೊಬ್ಬರಿ ಎಣ್ಣೆ ಹಚ್ಚಿ, ಹೆಬ್ಬೆರಳಿನಿಂದ ಕಲೆಯನ್ನು ಒತ್ತಿ, ಆಮೇಲೆ ಗದ್ದವನ್ನು ಮೆಲ್ಲಗೆ ಎತ್ತಿ ಹಿಡಿಯುತ್ತಿದ್ದಳು. ಅಕ್ಕನ ಕಣ್ಣಲ್ಲಿ ನೀರು ಬರುತ್ತಿತ್ತು. ಮನೆಯಲ್ಲಿ ಅದೇ ಕೆಲಸ ನನ್ನದು. ಅಕ್ಕ ದಿಂಬಿಲ್ಲದೆ, ಭುಜದ ಕೆಳಗೆ ಸುರುಳಿ ಸುತ್ತಿದ ಸೀರೆ ಇಟ್ಟುಕೊಂಡು ಮಲಗಬೇಕಿತ್ತು.

"ಕಲೆ ಕೆಂಪಗಿರುವಾಗಲೇ ಬಗ್ಗಿಸಬೇಕು. ಬೆಳ್ಳಗಾಗಿ ಗಟ್ಟಿಯಾದರೆ ಕೈಗೆ ಸಿಗುವುದಿಲ್ಲ, ಆಮೇಲೆ ಕತ್ತಿಯೇ ಗತಿ," ಎಂದು ನರ್ಸಮ್ಮ ತಮಿಳಿನಲ್ಲಿ ಹೇಳಿದ್ದಳು.

ನಮ್ಮ ಸೋದರತ್ತೆಗೆ ಇದು ಹಿಡಿಸಲಿಲ್ಲ. ತನಗೆ ಗೊತ್ತಿಲ್ಲದ್ದು ಲೋಕದಲ್ಲೇ ಇಲ್ಲವೆಂದು ನಂಬಿದ್ದ ಹೆಂಗಸು. ಅವಳು ಹತ್ತಿರದ ಊರು ಕಿಣತ್ತುಕಡವಿನಿಂದ ಗಂಡಿನ ಕಡೆಯವರನ್ನು ಕರೆತಂದಳು. ಸುಟ್ಟ ವಿಷಯ ಅವರಿಗೆ ಹೇಳಲಿಲ್ಲ. ಸೆರಗನ್ನು ಕತ್ತಿನ ಸುತ್ತ ಎಳೆದು ಪಿನ್ನು ಚುಚ್ಚಿ ಅಕ್ಕನನ್ನು ಚಾಪೆಯ ಮೇಲೆ ಕೂರಿಸಿದಳು. ಬಾಗಿದ ತಲೆ ಉಳಿದದ್ದನ್ನು ಮುಚ್ಚಿತು.

"ಪುಳ್ಳೆ ತಲೇನೇ ಎತ್ತಲ್ಲ ನೋಡ್ರಿ! ಎಂಥ ಅಡಕ್ಕ!" ಎಂದಳು ಗಂಡಿನ ಅಜ್ಜಿ. ಪುಳ್ಳೆ ಎಂದರೆ ಹುಡುಗಿ; ಅಡಕ್ಕ, ವಿನಯಕ್ಕೆ ನಮ್ಮ ಕಡೆ ಬಳಸುವ ತಮಿಳು ಮಾತು. "ನಮ್ ಸಣ್ ಸೊಸೆ ಅವ್ಳೆ, ಒಂಟೆ ತರ ಕತ್ತು ಎತ್ಕಂಡೇ ಒಳಗ್ ಬಂದ್ಳು."

ಎಲ್ಲರೂ ನಕ್ಕರು. ಸೀರೆಯಲ್ಲಿ ಒಂದು ಎಳೆ ತಪ್ಪಿದ್ದರೆ ಬಾಗಿಲಿನಿಂದಲೇ ಕಂಡುಹಿಡಿಯುವ ನೇಕಾರ ಜನ. ಎದುರಿಗೆ ಕೂತ ಹುಡುಗಿಯ ಎಳೆದುಕೊಂಡ ಚರ್ಮವನ್ನು ಅವರು ಸದ್ಗುಣವೆಂದು ಓದಿ, ಬೋಂಡಾ ತಿಂದು ಹೋದರು.

ಮರುದಿನ ಅತ್ತೆ ಎಣ್ಣೆಯ ಬಟ್ಟಲನ್ನು ನನ್ನ ಕೈಯಿಂದ ಕಿತ್ತುಕೊಂಡಳು.

"ಕತ್ತು ನೀವಿದ್ದು ಸಾಕು, ನಿಲ್ಸಡಿ. ಮದುವೆ ತನಕ ಹಿಂಗೇ ಇರ್ಲಿ. ತಲೆ ಎತ್ತಿದ್ರೆ ತಿಮಿರು, ಸೊಕ್ಕು ಅಂತಾರೆ."

"ಮದುವೆ ಆದ್ಮೇಲೆ?" ಎಂದೆ.

"ಆಮೇಲೆ ಯಾರ್ ನೋಡ್ತಾರೆ?"

ಅಪ್ಪ ಮಗ್ಗದ ಗುಂಡಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡ. ಅತ್ತೆಯ ಮಾತಿಗೆ ಅವನು ಎಂದೂ ಎದುರಾಡಿದವನಲ್ಲ. ಹಾಗೆ ಇರುವುದನ್ನು ಮನೆಯ ನೆಮ್ಮದಿ ಎಂದು ಕರೆಯುತ್ತಿದ್ದ.

ಆಸ್ಪತ್ರೆಗೆ ಹೋಗುವುದು ನಿಂತಿತು. ಆಡಿ, ಅಂದರೆ ಆಷಾಢ, ಕಳೆಯುವ ಹೊತ್ತಿಗೆ ಅಕ್ಕ ಕನ್ನಡಿಯ ಚೂರು ಹಿಡಿದು ನೋಡಿಕೊಂಡು, "ಅಂಚು ಬೆಳ್ಳಗಾಗ್ತಾ ಬಂತಡಿ," ಎಂದಳು. ನಾನೂ ನೋಡಿದೆ. ಹೌದು.

ಮುಂದಿನ ತಿಂಗಳು, ಆವಣಿಯಲ್ಲಿ, ಗಂಡಿನ ಕಡೆಯವರು ನಿಶ್ಚಯಕ್ಕೆ ಬಂದರು. ಹೂ ಮುಡಿಸಲು ಅಜ್ಜಿ ಹತ್ತಿರ ಬಂದು, "ಮಖ ತೋರ್ಸವ್ವಾ, ಇನ್ನೂ ಏನ್ ನಾಚಿಕೆ!" ಎಂದಳು.

ಅಕ್ಕ ತಾನೇ ಪಿನ್ನು ಬಿಚ್ಚಿ ಸೆರಗು ಸರಿಸಿದಳು. "ನಾಚಿಕೆ ಅಲ್ಲ ಅಜ್ಜಿ. ಗಂಜಿ ಬಿದ್ದು ಸುಟ್ಟದ್ದು. ತಲೆ ಎತ್ತಾಕೇ ಆಗಲ್ಲ."

ಅಡಕ್ಕ ಎಂದಿದ್ದ ಬಾಯಿ ಮೋಸ ಎಂದಿತು. ತಾವು ತಂದು ತಟ್ಟೆಯಲ್ಲಿಟ್ಟಿದ್ದ ಬಾಳೆಹಣ್ಣನ್ನೂ ಬಿಡದೆ ಎತ್ತಿಕೊಂಡು ಗಾಡಿ ಹತ್ತಿದರು. ಮೋಸದ ಬಗ್ಗೆ ಅವರು ಹೇಳಿದ್ದು ನಿಜವೇ. ಆದರೆ ಮೋಸ ಮಾಡಿದ ಅತ್ತೆಗೆ ಯಾರೂ ಬಯ್ಯಲಿಲ್ಲ. ಬೈಗುಳವೆಲ್ಲ ನಿಜ ಹೇಳಿದವಳ ಪಾಲಿಗೆ ಬಂತು.

"ಮನೆ ಮಾನ ತೆಗೆದಲ್ಲಡಿ ಪಾವಿ!" ಎಂದು ಅತ್ತೆ ಎದೆ ಬಡಿದುಕೊಂಡಳು.

"ಮಾನ ನಿಮ್ದು, ಕತ್ತು ನನ್ದು ಅತ್ತೆ," ಎಂದಳು ಅಕ್ಕ.

ಮುಂದಿನ ಸೋಮವಾರ ನಾವಿಬ್ಬರೂ ಕೊಯಮತ್ತೂರಿನ ಬಸ್ಸು ಹತ್ತಿದೆವು. ಅಪ್ಪ ಬೇಡ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನರ್ಸಮ್ಮ ಕಲೆಯನ್ನು ಒತ್ತಿ ನೋಡಿ, ಬಲಬದಿ ಗಟ್ಟಿಯಾಗಿಬಿಟ್ಟಿದೆ, ಉಳಿದದ್ದು ಇನ್ನೂ ಮೆತ್ತಗಿದೆ ಎಂದಳು. ಕೈಗೆ ಎಣ್ಣೆ ಹಚ್ಚಿಕೊಂಡಳು.

1938ರ ಕೊನೆಯ ಹೊತ್ತಿಗೆ ಅಕ್ಕ ಚೊಂಬನ್ನು ತುಟಿಗೆ ತಾಗಿಸದೆ ಎತ್ತಿ ನೀರು ಕುಡಿಯುತ್ತಿದ್ದಳು. ಬಲಕ್ಕೆ ಮಾತ್ರ ಕತ್ತು ಪೂರ್ತಿ ತಿರುಗುತ್ತಿರಲಿಲ್ಲ.